ಕೂರಬಾರದ ಯಜಮಾನ

ಊರಿನಲ್ಲಿ ಎಲ್ಲರಿಗೂ ನಿದ್ದೆ ಬರುತ್ತಿತ್ತು. ಒಬ್ರೆನ್‌ಗೆ ಮೈಯೆಲ್ಲ ಉರಿಯುತ್ತಿದ್ದುದೇ ಅದಕ್ಕೆ. ಹಾಲಿಗೆ ನೀರು ಬೆರೆಸಿ ಮಾರುವ ಕೆಳಮನೆಯವನಿಗೂ ಬರುತ್ತಿತ್ತು. ಅಣ್ಣನ ಹೊಲದ ಗಡಿಕಲ್ಲನ್ನು ವರ್ಷಕ್ಕೊಂದು ಗೇಣು ಸರಿಸುವ ಗಿರಣಿಯವನಿಗೂ ಬರುತ್ತಿತ್ತು. ಸ್ರೆತೆನ್ ಪಾದ್ರಿಗಂತೂ ಚರ್ಚಿನಲ್ಲಿ ತಾನೇ ಓದುತ್ತಿದ್ದ ಪ್ರಾರ್ಥನೆಯ ಮಧ್ಯೆಯೇ ಬರುತ್ತಿತ್ತು. ಇಷ್ಟೆಲ್ಲ ಪಾಪಿಗಳು ಹೊದ್ದು ಮಲಗಿ ಗೊರಕೆ ಹೊಡೆಯುತ್ತಿರುವಾಗ, ಜೀವನದಲ್ಲಿ ಮೊದಲ ಸಲ ಒಂದು ಒಳ್ಳೆಯ ಕೆಲಸ ಮಾಡಿ ಕುಡಿತ ಬಿಟ್ಟ ಒಬ್ರೆನ್ ಮಾತ್ರ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅಕ್ರೋಟು ಒಡೆಯುತ್ತಿದ್ದ. ಬಿಟ್ಟದ್ದಕ್ಕೆ ಸಿಕ್ಕ ಬಹುಮಾನ ನೋಡಿ!

ಎಲ್ಲರಿಗಿಂತ ಹೆಚ್ಚು ಸಿಟ್ಟು ಹೆಂಡತಿ ಮಿಲುಂಕಾಳ ನಿದ್ದೆಯ ಮೇಲೆ. ದಿಂಬಿಗೆ ತಲೆ ತಾಗಿದ್ದೇ ತಡ, ಅವಳು ಕಲ್ಲಿನ ಹಾಗೆ ಮಲಗಿಬಿಡುತ್ತಿದ್ದಳು. ಮೊದಲು ಹೀಗಿರಲಿಲ್ಲವೇನೋ ಎಂದು ಅವನಿಗೆ ಅನುಮಾನ. ಆದರೆ ಮೊದಲು ಹೇಗಿತ್ತು ಎಂದು ಅವನಿಗೇನು ಗೊತ್ತು? ಮೂವತ್ತು ವರ್ಷಗಳ ಕಾಲ, ಕತ್ತಲಾದ ಮೇಲಿನ ಒಬ್ರೆನ್ ಎಲ್ಲಿ ಬಿದ್ದಿದ್ದ, ಯಾರನ್ನು ಬೈದ ಎಂಬುದನ್ನೆಲ್ಲ ಅವನು ಬೇರೆಯವರ ಬಾಯಿಂದಲೇ ಕೇಳಿ ತಿಳಿದುಕೊಂಡದ್ದು.

ಬಿಟ್ಟದ್ದಾದರೂ ಯಾವಾಗ? ಪ್ಲಮ್ ಹಣ್ಣಿನ ಕಾಲದಲ್ಲಿ. ಶುಮಾದಿಯಾ ಸೀಮೆಯ ಒಂದೊಂದು ಅಂಗಳದಲ್ಲೂ ತಾಮ್ರದ ಹಂಡೆ ಏರಿಸಿ, ಹುಳಿಬಂದ ಹಣ್ಣನ್ನು ಕುದಿಸಿ, ರಾಕಿಯಾ ಇಳಿಸುವ ಕಾಲದಲ್ಲಿ. ಗಾಳಿ ಕುಡಿದರೂ ಅಮಲೇರುವ ಹೊತ್ತಿನಲ್ಲಿ ಇವನು ಬಾಟಲಿ ಕೆಳಗಿಟ್ಟ. ಇಂಥ ಮುಹೂರ್ತ ಆರಿಸಿಕೊಂಡವನು ಅವನಲ್ಲ, ಮಿಲುಂಕಾ. ಚಾಚಕ್ ಪಟ್ಟಣದಲ್ಲಿ ಮಗಳು ಯಾಸ್ನಾಳ ಮನೆಗೆ ಹೋದಾಗ ಒಬ್ರೆನ್ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಅಡ್ಡಡ್ಡ ಬಿದ್ದುಕೊಂಡಿದ್ದ. ಬೆಳಿಗ್ಗೆ ಕೆಲಸಕ್ಕೆ ಹೊರಟ ಜನ ಅವನನ್ನು ದಾಟಿಕೊಂಡು ಹೋಗುತ್ತಿದ್ದರು, ಒಬ್ಬಾತ ಸೈಕಲ್ಲನ್ನೂ ದಾಟಿಸಿದನಂತೆ. ಮನೆಗೆ ಬಂದ ಮಿಲುಂಕಾ ಕಪಾಟಿನ ಮೇಲಿದ್ದ ನೀಲಿ ಬ್ಯಾಗನ್ನು ಇಳಿಸಿ, ಬಟ್ಟೆ ತುಂಬಿ, ಮಲಗುವ ಕೋಣೆಯ ಬಾಗಿಲಲ್ಲಿಟ್ಟಳು.

"ಸ್ಲಾವಾ ಹಬ್ಬದ ತನಕ ನೋಡ್ತೀನಿ. ಅವತ್ತು ಮನೆ ತುಂಬ ಜನ ಇರ್ತಾರೆ, ಜನರ ಕೈ ತುಂಬ ರಾಕಿಯಾ ಇರುತ್ತೆ. ಅವತ್ತು ಒಂದು ಹನಿ ನಿನ್ನ ಗಂಟಲಲ್ಲಿ ಇಳೀತೋ, ನಾನು ಯಾಸ್ನಾ ಮನೆಗೆ ಹೊರಟೆ. ಅಳೋದಿಲ್ಲ, ಬೈಯೋದೂ ಇಲ್ಲ. ಹೋಗ್ತೀನಿ, ಅಷ್ಟೆ" ಎಂದಳು.

ಅಳುವ ಹೆಂಡತಿಗೆ ಅವನು ಹೆದರುತ್ತಿರಲಿಲ್ಲ, ಬೈಯುವವಳಿಗಂತೂ ಒಗ್ಗಿಹೋಗಿದ್ದ. 'ಅಷ್ಟೆ' ಎನ್ನುವವಳನ್ನು ಕಂಡು ಹೆದರಿದ. ಆ ಬ್ಯಾಗಿನ ಹೊಟ್ಟೆ ಅಡ್ಡ ಬಂದು ಕೋಣೆಯ ಬಾಗಿಲು ಅಂದಿನಿಂದ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ, ಒಂದು ಗೇಣು ತೆರೆದೇ ಇರುತ್ತಿತ್ತು. ಒಬ್ರೆನ್ ದಿನವೂ ಅದನ್ನು ಎಡವುತ್ತಿದ್ದ. ತೆಗೆದು ಬೇರೆ ಕಡೆ ಇಡುವ ಧೈರ್ಯ ಮಾತ್ರ ಮಾಡಲಿಲ್ಲ.

ಕುಡಿಯದಿರುವುದು ಕಷ್ಟವಾಗಲಿಲ್ಲ ಎಂದರೆ ಸುಳ್ಳು. ಆದರೆ ಹಗಲನ್ನು ಹೇಗೋ ನೂಕಬಹುದಿತ್ತು. ಅಂಗಳದ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತ, ಗಿರಾಕಿಗಳ ಮೇಲೆ ರೇಗುತ್ತ ಸಂಜೆ ಮಾಡುತ್ತಿದ್ದ. ಕೊಂದದ್ದು ನಿದ್ದೆ. ಮಲಗಿದರೆ ಕಾಲು ತಾನಾಗಿ ಕುಣಿಯುತ್ತಿತ್ತು, ಬೆನ್ನು ಬೆವೆತು ಅಂಗಿ ಒದ್ದೆಯಾಗುತ್ತಿತ್ತು, ಎದೆಯೊಳಗೆ ಯಾರೋ ಸುಮ್ಮಸುಮ್ಮನೆ ಇಂಜಿನ್ ಚಾಲೂ ಮಾಡಿಟ್ಟಂತೆ ಡಬಡಬ ಎನ್ನುತ್ತಿತ್ತು. ಅವನಿಗೆ ರಾಕಿಯಾದ ರುಚಿ ಬೇಕಾಗಿರಲಿಲ್ಲ. ಒಂದು ಗ್ಲಾಸ್ ಇಳಿಸಿದರೆ ಈ ಇಂಜಿನ್ ನಿಲ್ಲುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಅಷ್ಟೇ ಗೊತ್ತಿತ್ತು, ಅದೇ ಸಾಕಾಗಿತ್ತು.

ಪಟ್ಟಣದ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದಳು: "ಇಷ್ಟು ವರ್ಷ ನಿಮ್ಮನ್ನ ಮಲಗಿಸಿದ್ದು ರಾಕಿಯಾ. ಈಗ ಮೈ ತಾನೇ ಮಲಗೋದನ್ನ ಕಲೀಬೇಕು. ತಿಂಗಳುಗಟ್ಟಲೆ ಹಿಡೀಬಹುದು. ಮಾತ್ರೆ ಕೊಡಲ್ಲ, ಅದನ್ನೂ ಹಿಡ್ಕೊಂಡ್ಬಿಡ್ತೀರಿ. ಬೆಳಿಗ್ಗೆ ದಿನಾ ಒಂದೇ ಹೊತ್ತಿಗೆ ಏಳಿ. ಊಟ ಆದ್ಮೇಲೆ ಕಾಫಿ ಬೇಡ, ಹಗಲು ಕಣ್ಣು ಮುಚ್ಚಬೇಡಿ. ನಿದ್ದೆ ಬರದಿದ್ರೆ ಹಾಸಿಗೇಲಿ ಹೊರಳಾಡಬೇಡಿ, ಎದ್ದು ಏನಾದ್ರೂ ಬೇಜಾರಿನ ಕೆಲಸ ಮಾಡಿ. ಕನಸಲ್ಲಿ ಕುಡೀತೀರಿ. ಹೆದರಬೇಡಿ."

ಆ ಡಾಕ್ಟರಮ್ಮನ ಕೆನ್ನೆ ಸೇಬಿನಂತೆ ಹೊಳೆಯುತ್ತಿತ್ತು. ರಾತ್ರಿ ಪೂರ್ತಿ ಮಲಗಿ ಎದ್ದವರು ಮಾತ್ರ ನಿದ್ದೆಯ ಬಗ್ಗೆ ಇಷ್ಟು ಸಲೀಸಾಗಿ ಮಾತಾಡಬಲ್ಲರು ಎಂದುಕೊಂಡ ಒಬ್ರೆನ್. ಆದರೂ ಅವಳು ಹೇಳಿದ್ದನ್ನೇ ಮಾಡಿದ, ಬೇರೆ ದಾರಿ ಇರಲಿಲ್ಲ. ಶೆಡ್ಡಿನ ಸ್ಕ್ರೂಗಳನ್ನೆಲ್ಲ ಅಳತೆ ಪ್ರಕಾರ ಬೇರೆ ಮಾಡಿಟ್ಟ. ಮುಗಿದ ಮೇಲೆ ಅಕ್ರೋಟಿಗೆ ಕೈ ಹಾಕಿದ. ಸುತ್ತಿಗೆಯಲ್ಲಿ ಟಕ್ ಎಂದು ಹೊಡೆ, ಸಿಪ್ಪೆ ಬಿಡಿಸು, ತಿರುಳು ಬಟ್ಟಲಿಗೆ ಹಾಕು. ಇದಕ್ಕಿಂತ ಬೇಜಾರಿನ ಕೆಲಸ ಭೂಮಿಯ ಮೇಲಿಲ್ಲ.

ಕನಸಿನ ವಿಷಯದಲ್ಲೂ ಅವಳು ಹೇಳಿದ್ದು ನಿಜವಾಯಿತು. ಬೆಳಗಿನ ಜಾವ ಒಂದಿಷ್ಟು ಕಣ್ಣು ಹತ್ತಿದರೆ ಸಾಕು, ಒಬ್ರೆನ್ ಕುಡಿಯುತ್ತಿದ್ದ. ಗಂಟಲು ಸುಡುತ್ತಿತ್ತು, ಬಾಯಲ್ಲಿ ಪ್ಲಮ್ ಘಮ್ಮೆನ್ನುತ್ತಿತ್ತು. ಎದ್ದಮೇಲೆ ಅಂಗೈಗೆ ಉಸಿರು ಬಿಟ್ಟು ಮೂಸಿಕೊಳ್ಳುತ್ತಿದ್ದ. ಒಂದು ಸಲ ತನ್ನ ಮೂಗನ್ನೂ ನಂಬಲಾರದೆ ಮಿಲುಂಕಾಳನ್ನು ಅಲ್ಲಾಡಿಸಿ ಎಬ್ಬಿಸಿದ.

"ಏಳೇ. ನನ್ನ ಬಾಯಿ ಮೂಸು."

ಅವಳು ಕಣ್ಣು ಬಿಡದೆಯೇ ಮೂಸಿದಳು. "ಬೆಳ್ಳುಳ್ಳಿ" ಎಂದು ಮಗ್ಗುಲಾದಳು.

ಊರವರಿಗೆ ವಿಷಯ ಗೊತ್ತಾಯಿತು. ಗೊತ್ತಾಗದಿರಲು ಅದೇನು ರಾಜ್ಯರಹಸ್ಯವೇ? ಇವನ ಕಣ್ಣಿನ ಕೆಳಗೆ ಚೀಲಗಳು ತೂಗಾಡುತ್ತಿದ್ದವು. ಕುಡಿಯುತ್ತಿದ್ದಾಗ ಒಂದು ದಿನವೂ ಅವನ ಆರೋಗ್ಯ ವಿಚಾರಿಸದ ಜನ, ಬಿಟ್ಟ ಮೇಲೆ ಮನೆ ಬಾಗಿಲಿಗೆ ಔಷಧಿ ಹಿಡಿದು ಬರತೊಡಗಿದರು. ಎಲ್ಲರ ಔಷಧಿಯೂ ಒಂದೇ.

ಮೊದಲು ಬಂದವನು ಅವನ ಕೂಮ್, ದ್ರಾಗುತಿನ್. ಮದುವೆಯಲ್ಲಿ ಪಕ್ಕದಲ್ಲಿ ಸಾಕ್ಷಿ ನಿಂತು, ಯಾಸ್ನಾಳಿಗೆ ಹೆಸರಿಟ್ಟವನು. ಈ ಕಡೆ ಕೂಮ್ ಎಂದರೆ ಒಡಹುಟ್ಟಿದವನಿಗಿಂತ ಹೆಚ್ಚು. ಅವನ ಮಾತು ತೆಗೆದುಹಾಕುವಂತಿಲ್ಲ, ಅವನೇ ತಲೆ ತಿನ್ನುತ್ತಿದ್ದರೂ ಎದ್ದು ಹೋಗು ಎನ್ನುವಂತಿಲ್ಲ. ದ್ರಾಗುತಿನ್ ಥರ್ಮಾಸ್ ಫ್ಲಾಸ್ಕ್ ಹಿಡಿದು ಶೆಡ್ಡಿಗೆ ಬಂದ.

"ಕೂಮೆ, ಚಹಾ ತಂದಿದೀನಿ. ಒಂದು ಬಟ್ಟಲು ಕುಡಿ, ಮಗು ಥರ ಮಲಗ್ತೀಯ."

"ಯಾವ ಚಹಾ?"

"ನಮ್ಮ ಚಹಾನೇ. ಸಕ್ಕರೆ ಕಂದು ಬಣ್ಣ ಬರೋವರೆಗೆ ಹುರಿದಿದೀನಿ."

"ಆಮೇಲೆ?"

"ಆಮೇಲೆ ಏನು, ಬಿಸಿ ಮಾಡಿದೀನಿ."

"ಏನನ್ನ ಬಿಸಿ ಮಾಡಿದೆ, ಕೂಮೆ? ನೀರನ್ನಾ?"

"ಥೂ, ನೀರು ಯಾಕೆ ಹಾಕ್ತಾರೋ! ಕೆಡುತ್ತಲ್ಲ" ಎಂದ ದ್ರಾಗುತಿನ್, ನಿಜವಾಗಿಯೂ ಬೇಸರಪಟ್ಟುಕೊಂಡು. "ರಾಕಿಯಾ ಕುಡಿ ಅಂತ ನಾನು ಹೇಳ್ತಿಲ್ಲ. ಬಿಸಿ ಮಾಡಿದ್ರೆ ಅದು ರಾಕಿಯಾ ಅಲ್ಲ, ಔಷಧಿ. ನಮ್ಮಜ್ಜ ತೊಂಬತ್ತು ವರ್ಷ ಬದುಕಿದ."

"ನಿಮ್ಮಜ್ಜ ಕೊನೇ ಇಪ್ಪತ್ತು ವರ್ಷ ನಿಮ್ಮಜ್ಜೀನ ಅಂಚೆಯವಳು ಅಂದ್ಕೊಂಡಿದ್ದ."

"ಆದ್ರೂ ಚೆನ್ನಾಗಿ ನಿದ್ದೆ ಮಾಡ್ತಿದ್ದ."

ಅವನು ಹೋದ ಮೇಲೆ ಒಬ್ರೆನ್ ಚಹಾವನ್ನು ಶೆಡ್ಡಿನ ಮೋರಿಗೆ ಸುರಿದ. ಸುರಿಯುವಾಗ ಮುಖ ಆಚೆ ತಿರುಗಿಸಿ, ಉಸಿರು ಬಿಗಿಹಿಡಿದಿದ್ದ. ಆ ರಾತ್ರಿ ಮೋರಿ ಚೆನ್ನಾಗಿ ನಿದ್ದೆ ಮಾಡಿರಬೇಕು.

ಆಮೇಲೆ ಬಂದವಳು ವುಕಾ ಚಿಕ್ಕಮ್ಮ, ತೀರಿಹೋದ ಚಿಕ್ಕಪ್ಪನ ಹೆಂಡತಿ. ಮುದುಕಿಯ ವೈದ್ಯಶಾಸ್ತ್ರದಲ್ಲಿ ಇದ್ದದ್ದು ಒಂದೇ ಔಷಧಿ, ಅದನ್ನು ಎಲ್ಲಿ ಹಚ್ಚಬೇಕು ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಹಲ್ಲುನೋವಿಗೆ ಹಲ್ಲಿಗೆ, ಕೆಮ್ಮಿಗೆ ಎದೆಗೆ, ಜ್ವರಕ್ಕೆ ಕಾಲಿಗೆ. ಉಣ್ಣೆಯ ಕಾಲುಚೀಲವನ್ನು ರಾಕಿಯಾದಲ್ಲಿ ಅದ್ದಿ ತೊಡಿಸಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟುವಳು. ಈ ಊರಿನ ಮಕ್ಕಳೆಲ್ಲ ಒಂದಲ್ಲ ಒಂದು ಸಲ ಅವಳ ಕೈಯಲ್ಲಿ ಹಾಗೆ ಕಟ್ಟಿಸಿಕೊಂಡೇ ಬೆಳೆದವರು.

"ಮಗಾ, ನಿದ್ದೆ ಬರದೆ ಇರೋದಕ್ಕೂ ಅದೇ. ಶಾಖ ತಲೆಗೆ ಏರಿದೆ, ಕಾಲಿಗೆ ಇಳಿಸ್ಬೇಕು. ಕೊಡು ಪಾದ."

"ಬೇಡ ಚಿಕ್ಕಮ್ಮ. ನಾನು ಬಿಟ್ಟಿದೀನಿ."

"ಕುಡಿಯೋದನ್ನ ಬಿಟ್ಟಿದೀಯ. ಕಾಲಿಗೆ ಬಾಯಿದ್ಯೇನೋ?"

"ಮೂಗಿದೆ ನನಗೆ! ರಾತ್ರಿಯೆಲ್ಲ ಆ ವಾಸನೆ ತಗೊಂಡು ಮಲಗ್ಲಾ? ಕಟುಕನ ಅಂಗಡೀಲಿ ನಾಯಿ ಕಟ್ಟಿದ ಹಾಗೆ?"

"ಉಪಕಾರ ಮಾಡೋಕೆ ಬಂದ್ರೆ ಕೂಗಾಡ್ತಾನೆ ನೋಡು. ಕುಡೀತಿದ್ದಾಗಲೇ ಮೇಲು, ಮುದುಕಿಯರಿಗೆ ಮರ್ಯಾದೆ ಕೊಡ್ತಿದ್ದ" ಎಂದು ಗೊಣಗುತ್ತ ಚಿಕ್ಕಮ್ಮ ಹೊರಟಳು. ಹೋಗುವಾಗ ಬಾಟಲಿ ಮರೆಯದೆ ಎತ್ತಿಕೊಂಡಳು.

ಹೀಗೆ ಒಬ್ರೆನ್ ಎಲ್ಲರನ್ನೂ ಹೀಯಾಳಿಸುತ್ತ, ಎಲ್ಲರ ಮೇಲೂ ಉರಿದುಬೀಳುತ್ತ, ಆ ಉರಿಯಲ್ಲೇ ನೆಟ್ಟಗೆ ನಿಂತಿದ್ದ. ಡಿಸೆಂಬರ್ ಬಂತು. ಸಂತ ನಿಕೊಲಾನ ದಿನ ಬಂತು. ಅದೇ ಅವರ ಸ್ಲಾವಾ, ಮನೆತನ ಕಾಯುವ ಸಂತನ ಹಬ್ಬ.

ಸ್ಲಾವಾಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಕಳಿಸುವುದೂ ಇಲ್ಲ. ಬೆಳಿಗ್ಗೆ ಮೇಣದಬತ್ತಿ ಹಚ್ಚಿದ ಮೇಲೆ ಊರು ಊರೇ ಬಂದು ಕೂರುತ್ತದೆ. ಕೂರಬಾರದವನು ಒಬ್ಬನೇ, ಮನೆಯ ಯಜಮಾನ. ಸಂತನೇ ಅತಿಥಿಯಾಗಿ ಬಂದಿದ್ದಾನೆಂದು ಭಾವಿಸಿ, ಅವನು ಇಡೀ ದಿನ ನಿಂತೇ ಬಡಿಸಬೇಕು. ಹಿಂದಿನ ವರ್ಷಗಳಲ್ಲಿ ಒಬ್ರೆನ್ ಬಲು ಭಕ್ತಿಯಿಂದ ನಿಂತಿರುತ್ತಿದ್ದ, ಗೋಡೆ ಹಿಡಿದುಕೊಂಡು. ಈ ಸಲ ಹಿಂದಿನ ಮೂರು ರಾತ್ರಿ ಒಂದು ಚೂರೂ ಕಣ್ಣು ಮುಚ್ಚದವನು ಬಿಳಿ ಅಂಗಿ ಹಾಕಿಕೊಂಡು, ತಟ್ಟೆ ಹಿಡಿದು ನಿಂತ.

ಮೊದಲ ಗಂಡಾಂತರ ದೇವರ ಕಡೆಯಿಂದಲೇ ಬಂತು. ಸ್ರೆತೆನ್ ಪಾದ್ರಿ ಬಂದು, ರೊಟ್ಟಿಯನ್ನು ಅಡ್ಡಡ್ಡ ಕೊಯ್ದು, ಮೇಲೆ ವೈನ್ ಸುರಿದು, ಮಂತ್ರ ಹೇಳಿ, ಉಳಿದದ್ದನ್ನು ಒಬ್ರೆನ್‌ನ ತುಟಿಯ ಹತ್ತಿರ ತಂದ.

"ಒಂದು ಗುಟುಕು ತಗೋ, ಒಬ್ರೆನ್. ಇದು ಕುಡಿತ ಅಲ್ಲ, ವಿಧಿ."

"ವಿಧಿಗೆ ಇಷ್ಟು ದೊಡ್ಡ ಗ್ಲಾಸ್ ಬೇಕಾ, ಸ್ವಾಮಿ?"

ಪಾದ್ರಿ ಗ್ಲಾಸನ್ನು ನೋಡಿದ, ಒಬ್ರೆನ್‌ನನ್ನು ನೋಡಿದ, ಬಳಿಕ ವಿಧಿಯನ್ನು ತಾನೇ ಪೂರೈಸಿದ. ಮಿಲುಂಕಾ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಬೆಳಗಿನಿಂದ ಅವನ ಕೈಯ ಹಿಂದೆಯೇ ಓಡಾಡುತ್ತಿತ್ತು.

ಜನ ಬಂದರು. ಬೇಯಿಸಿದ ಗೋಧಿಗೆ ಅಕ್ರೋಟು ಕಲಸಿದ ಪ್ರಸಾದ ಬಾಯಿಗೆ ಹಾಕಿಕೊಂಡು, "ಏನಪ್ಪಾ, ಗೋಧಿಗಿಂತ ಅಕ್ರೋಟೇ ಜಾಸ್ತಿ ಇದೆ" ಎಂದರು. ಹುರಿದ ಮೀನು, ಈರುಳ್ಳಿ ಹಾಕಿ ಒಲೆಯಲ್ಲಿಟ್ಟ ಹುರುಳಿಕಾಯಿ ಬೀಜ, ಉಪ್ಪಿನಕಾಯಿ. ರಾಕಿಯಾ ತುಂಬಿದ ಪುಟ್ಟ ಗ್ಲಾಸುಗಳ ತಟ್ಟೆಯನ್ನು ಒಬ್ರೆನ್ ಎಲ್ಲರ ಮುಂದೆ ಹಿಡಿಯುತ್ತ ಹೋದ. ತಾನು ಬೇರೆಯವರಿಗೆ ಬಡಿಸುತ್ತಿದ್ದದ್ದು ತನ್ನದೇ ನಿದ್ದೆಯನ್ನು. ಅದನ್ನು ಅವರು ಒಂದೊಂದೇ ಗ್ಲಾಸಾಗಿ ಎತ್ತಿ, ನಾಲಿಗೆ ಚಪ್ಪರಿಸಿ ಇಳಿಸುತ್ತಿದ್ದರು. ಯಾರಿಗೂ ಅದರ ಅಗತ್ಯವಿರಲಿಲ್ಲ. ಎಲ್ಲರೂ ಹಿಂದಿನ ರಾತ್ರಿ ಹಾಯಾಗಿ ಮಲಗಿ ಎದ್ದವರೇ.

"ಯಜಮಾನ ಸೇಬಿನ ರಸದ ಗ್ಲಾಸ್ ಎತ್ತಿ ಹರಸ್ತಾನಂತೆ!" ಎಂದ ದ್ರಾಗುತಿನ್, ಎಲ್ಲರಿಗೂ ಕೇಳುವ ಹಾಗೆ. "ಸಂತ ನಿಕೊಲಾ ಏನಂದ್ಕೊಂಡಾನು? ಶಿಶುವಿಹಾರಕ್ಕೆ ಬಂದೆ ಅಂದ್ಕೊಳ್ಳೋದಿಲ್ವಾ?"

"ಸಂತನ್ನ ಬಿಡು ಕೂಮೆ, ನೀನು ಇದು ಎಷ್ಟನೇದು?"

"ನಾನು ಅತಿಥಿ, ನನ್ನದು ಎಣಿಸಬಾರದು."

ಮಧ್ಯಾಹ್ನ ಇಳಿಯಿತು. ಒಲೆ ಧಗಧಗ ಉರಿಯುತ್ತಿತ್ತು. ಮೀನಿನ ಹಬೆ, ಮೇಣದ ವಾಸನೆ, ಮಾತಿನ ಗುಜುಗುಜು, ಎಲ್ಲ ಸೇರಿ ಕೋಣೆ ಮೆತ್ತಗಾಗುತ್ತ ಬಂತು. ಡಾಕ್ಟರಮ್ಮ ಹಗಲು ಕಣ್ಣು ಮುಚ್ಚಬೇಡ ಎಂದಿದ್ದಳು, ಪದ್ಧತಿ ಕೂರಬೇಡ ಎಂದಿತ್ತು. ಎರಡೂ ಸೇರಿ ತನ್ನನ್ನು ಗೋಡೆಗೆ ಮೊಳೆ ಹೊಡೆದ ಹಾಗೆ ನಿಲ್ಲಿಸಿವೆಯಲ್ಲ ಎಂದು ಒಬ್ರೆನ್ ಹಲ್ಲು ಕಡಿದ. ತೊಡೆ ಚಿವುಟಿಕೊಂಡ. ಅತಿಥಿಗಳ ಮುಖ ಒಂದರೊಳಗೊಂದು ಕರಗತೊಡಗಿತು. ದ್ರಾಗುತಿನ್ ಎದ್ದು ಗ್ಲಾಸ್ ಎತ್ತಿ, "ಬಾ ಕೂಮೆ, ಒಂದೇ ಒಂದು, ನನ್ನ ಮೇಲಾಣೆ" ಎನ್ನುತ್ತಿದ್ದ. ಒಬ್ರೆನ್‌ನ ಕೈ ತಟ್ಟೆಯ ಅಂಚಿನಿಂದ ಸರಿದು ಒಂದು ಪುಟ್ಟ ಗ್ಲಾಸಿನ ಕಡೆ ಹೋಗುತ್ತಿತ್ತು. ಅದು ಹೋಗುತ್ತಿದ್ದುದನ್ನು ಅವನೇ ನೋಡುತ್ತಿದ್ದ.

ಆಮೇಲೆ ಅವನು ಕುಡಿದ. ಗಂಟಲು ಸುಟ್ಟಿತು. ಇನ್ನೊಂದು ಕುಡಿದ. ತಟ್ಟೆಯಲ್ಲಿದ್ದುದನ್ನೆಲ್ಲ ಕುಡಿದ, ಜನ ಚಪ್ಪಾಳೆ ತಟ್ಟಿದರು, ಪಾದ್ರಿ ವೈನ್ ಸುರಿದ, ಮಿಲುಂಕಾಳ ಕಣ್ಣು ಅವನ ಕೈಯಿಂದ ಕಳಚಿ ಬೇರೆ ಕಡೆ ಹೋಯಿತು.

ಕಣ್ಣು ಬಿಟ್ಟಾಗ ಮಲಗುವ ಕೋಣೆಯ ಕಿಟಕಿಯಲ್ಲಿ ಹಗಲು ಸಾಯುತ್ತಿತ್ತು. ಮೈಮೇಲೆ ಎರಡು ಕಂಬಳಿ. ಒಬ್ರೆನ್ ಉಸಿರೆಳೆದ, ಎಳೆದದ್ದೇ ರಾಕಿಯಾ. ದಿಂಬಿನಲ್ಲಿ ರಾಕಿಯಾ, ಕಂಬಳಿಯಲ್ಲಿ ರಾಕಿಯಾ, ಅವನೇ ರಾಕಿಯಾ. ಎದೆ ಉರಿಯುತ್ತಿತ್ತು. ಮಂಚದ ಪಕ್ಕದ ಕುರ್ಚಿಯ ಮೇಲೆ ಅರ್ಧ ಖಾಲಿಯಾದ ಬಾಟಲಿ. ಗ್ಲಾಸ್ ಕೂಡ ಇರಲಿಲ್ಲ. ಹಾಗಾದರೆ ಬಾಟಲಿಗೇ ಬಾಯಿ ಹಾಕಿದ್ದಾನೆ, ಹಂದಿ.

ಇದು ಕನಸಿರಬಹುದು ಎಂದು ಅಂಗೈಗೆ ಉಸಿರು ಬಿಟ್ಟು ಮೂಸಿದ. ಅಂಗೈಯೇ ನಾರುತ್ತಿತ್ತು. ಇನ್ನೇನು ಸಾಕ್ಷಿ ಬೇಕು?

ಬಾಗಿಲ ಕಡೆ ನೋಡಿದ. ಬಾಗಿಲು ಮುಚ್ಚಿತ್ತು. ಪೂರ್ತಿ ಮುಚ್ಚಿತ್ತು, ಚೌಕಟ್ಟಿಗೆ ಅಂಟಿಕೊಂಡಂತೆ. ನೀಲಿ ಬ್ಯಾಗ್ ಇದ್ದ ಜಾಗದಲ್ಲಿ ನೆಲ ಮಾತ್ರ ಇತ್ತು.

ಆಚೆಯಿಂದ ದ್ರಾಗುತಿನ್‌ನ ದನಿ ಮಂದವಾಗಿ ಕೇಳಿಸಿತು: "ನಾನು ಹೇಳಿರ್ಲಿಲ್ವಾ? ಸ್ಲಾವಾ ದಾಟಲ್ಲ ಇವನು ಅಂತ." ನಗು ಕೇಳಿಸಿತು. ಮಿಲುಂಕಾಳ ದನಿ ಎಲ್ಲೂ ಇರಲಿಲ್ಲ.

ಒಬ್ರೆನ್ ತನ್ನನ್ನು ತಾನು ಹೀಯಾಳಿಸಿಕೊಂಡಷ್ಟು ಊರಿನಲ್ಲಿ ಯಾರನ್ನೂ ಹೀಯಾಳಿಸಿರಲಿಲ್ಲ. ಅಷ್ಟು ರಾತ್ರಿ ಅಕ್ರೋಟು ಒಡೆದೆ, ಮಹಾಶೂರ. ಎಲ್ಲರನ್ನೂ ಬೈದೆ, ಎಲ್ಲರಿಗಿಂತ ನಾನೇ ಮೇಲು ಎಂದು ಮೆರೆದೆ. ಕೊನೆಗೆ ಊರೆಲ್ಲ ನೋಡುತ್ತಿರುವಾಗ ಸಂತನ ಮೇಣದಬತ್ತಿಯ ಕೆಳಗೆ ಬಿದ್ದೆ. ಚಾಚಕ್ ಬಸ್ಸು ಈಗಾಗಲೇ ದೊಡ್ಡ ರಸ್ತೆ ಸೇರಿರುತ್ತದೆ. ಅವಳು ಕಿಟಕಿ ಪಕ್ಕ ಕೂತು, ಮಡಿಲಲ್ಲಿ ಬ್ಯಾಗ್ ಇಟ್ಟುಕೊಂಡು, ಅಳದೆ, ಬೈಯದೆ ಹೋಗುತ್ತಿರುತ್ತಾಳೆ. ಅವನ ಗಂಟಲಿನಿಂದ ಕುನ್ನಿಯ ದನಿಯೊಂದು ಹೊರಟಿತು, ಅದನ್ನು ಕಂಬಳಿಯಲ್ಲಿ ಒತ್ತಿ ಅಡಗಿಸಿದ.

ಕೈ ಚಾಚಿ ಬಾಟಲಿ ತೆಗೆದುಕೊಂಡ. ಹೋದವಳು ಹೋದಳು. ಇನ್ನು ಈ ಅರ್ಧ ಬಾಟಲಿಯನ್ನು ಯಾರ ಉದ್ಧಾರಕ್ಕೆ ಉಳಿಸುವುದು? ಕುಡಿದರೆ ರಾತ್ರಿ ಇರುವುದಿಲ್ಲ, ಅಕ್ರೋಟು ಇರುವುದಿಲ್ಲ, ಖಾಲಿ ಮಂಚದ ಆ ಬದಿ ಇರುವುದಿಲ್ಲ. ಬಿರಡೆ ಬಿಗಿಯಾಗಿತ್ತು. ಕೂತು ತೆಗೆಯೋಣವೆಂದು ಕಂಬಳಿ ಸರಿಸಿ ಕಾಲು ಕೆಳಗಿಟ್ಟ.

ಕಾಲು ಚರಚರ ಎಂದಿತು.

ಬಗ್ಗಿ ನೋಡಿದ. ಎರಡೂ ಪಾದಕ್ಕೆ ದಿನಸಿ ಅಂಗಡಿಯ ಹಳದಿ ಪ್ಲಾಸ್ಟಿಕ್ ಚೀಲ ತೊಡಿಸಿ, ಕಣಕಾಲಿನ ಹತ್ತಿರ ದಾರದಿಂದ ಬಿಗಿದಿದ್ದರು. ಒಳಗೆ ಕೆಂಪು ಅಂಚಿನ ಬೂದು ಉಣ್ಣೆ ಕಾಲುಚೀಲ, ಹಿಂಡಿದರೆ ಹನಿ ಸುರಿಯುವಷ್ಟು ಒದ್ದೆ. ಅದು ಯಾರು ಹೆಣೆದ ಕಾಲುಚೀಲ ಎಂದು ಕೇಳಬೇಕಾಗಿರಲಿಲ್ಲ. ಅಂಗಿಯ ಗುಂಡಿ ಬಿಚ್ಚಿತ್ತು, ಎದೆಗೆ ಟವೆಲ್ ಸುತ್ತಿದ್ದರು, ಅದೂ ಒದ್ದೆ. ಅಂಗೈಯನ್ನೂ ಬಿಟ್ಟಿರಲಿಲ್ಲ, ಅದನ್ನೂ ತಿಕ್ಕಿದ್ದರು. ಒಬ್ರೆನ್ ನಾಲಿಗೆಯನ್ನು ಬಾಯಿಯೊಳಗೆಲ್ಲ ಆಡಿಸಿದ. ಹುರುಳಿಕಾಯಿ ಬೀಜ, ಈರುಳ್ಳಿ. ಮತ್ತೆ ಆಡಿಸಿದ. ಈರುಳ್ಳಿಯೇ.

ಬಾಟಲಿಯನ್ನು ಕುರ್ಚಿಯ ಮೇಲಿಟ್ಟ. ಬಿರಡೆ ಇನ್ನೂ ಅದರ ಬಾಯಲ್ಲೇ ಇತ್ತು.

ಚೀಲಗಳನ್ನು ಚರಚರ ಎನ್ನಿಸುತ್ತ ಅವನು ಆಚೆ ಬಂದಾಗ ಮೇಜಿನ ಸುತ್ತ ಕೂತವರೆಲ್ಲ ಅವನ ಕಾಲು ನೋಡಿದರು. ವುಕಾ ಚಿಕ್ಕಮ್ಮ ಒಬ್ಬಳೇ ಕೈ ಜೋಡಿಸಿ, "ಅಗೋ, ಎದ್ದ! ಜ್ವರ ಇಳೀತು" ಎಂದಳು.

"ಯಾರಿಗೆ ಜ್ವರ?"

"ನಿನಗೇ ಮಗಾ. ತಟ್ಟೆ ಸಮೇತ ನಿಂತಲ್ಲೇ ಕುಸಿದ್ಯಲ್ಲ. ಗ್ಲಾಸೆಲ್ಲ ಚೂರುಚೂರು. ಕೈ ಮಂಜಿನ ಗಡ್ಡೆ ಆಗಿತ್ತು. ಎಲ್ಲ ಕಡೆ ತಿಕ್ಕಿದೆ. ನೋಡು, ನಾನು ಅವತ್ತೇ ಹೇಳಿದ್ದೆ, ಮೂರು ತಾಸು ಸತ್ತ ಹಾಗೆ ಮಲಗಿದೆ!"

"ಜ್ವರ ಅಂತೆ" ಎಂದ ದ್ರಾಗುತಿನ್. "ಚಿಕ್ಕಮ್ಮ, ನಿಂಗೆ ವಯಸ್ಸಾಯ್ತು. ಕೂಮ್ ಒಳಗೆ ಹೋಗಿ ಬರ್ತಾ ಕದ್ದು ಹಾಕಿದಾನೆ. ಇಲ್ಲೀವರೆಗೂ ನಾರ್ತಿದಾನೆ."

ಒಬ್ರೆನ್ ಬಗ್ಗಿ ದಾರ ಕಿತ್ತ, ಚೀಲ ಕಳಚಿದ, ಒಂದು ಕಾಲುಚೀಲ ಎಳೆದು ತೆಗೆದು ಮೇಜಿನ ಮೇಲೆ, ದ್ರಾಗುತಿನ್‌ನ ಮೀನಿನ ತಟ್ಟೆಯ ಪಕ್ಕದಲ್ಲಿ ಟಪ್ಪೆಂದು ಇಟ್ಟ.

"ಮೂಸು, ಕೂಮೆ. ಆಮೇಲೆ ನನ್ನ ಬಾಯಿ ಮೂಸು."

ದ್ರಾಗುತಿನ್ ಕಾಲುಚೀಲವನ್ನು ಎರಡು ಬೆರಳಲ್ಲಿ ಎತ್ತಿ ಮೂಸಿದ. ಅವನ ಮುಖ ಬದಲಾಯಿತು. ಇನ್ನೊಮ್ಮೆ, ಕಣ್ಣು ಮುಚ್ಚಿ, ಭಕ್ತಿಯಿಂದ ಮೂಸಿದ.

"ಚಿಕ್ಕಮ್ಮ, ಇದು ಚಿಕ್ಕಪ್ಪ ಹೂತಿಟ್ಟಿದ್ದ ಹಳೇದಲ್ವಾ? ಮಲ್ಬರಿ ಮರದ ಪೀಪಾಯಿದು?" ಎಂದ. ದನಿ ಗದ್ಗದವಾಗಿತ್ತು. "ಇದನ್ನ ಕಾಲಿಗೆ ಹಾಕಿದ್ಯಾ? ಪಾಪ ಬರಲ್ವಾ ನಿಂಗೆ?"

ಒಬ್ರೆನ್‌ನ ಬಾಯನ್ನು ಮೂಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಮಾತು ಆಗಲೇ ಪೀಪಾಯಿಯ ಕಡೆ ಹೊರಳಿತ್ತು. ಒಬ್ಬ ಮನುಷ್ಯ ಬಿದ್ದನೋ ಉಳಿದನೋ, ಅದು ಅವರಿಗೆ ಮೀನಿನ ಮುಳ್ಳಿನಷ್ಟೂ ದೊಡ್ಡ ವಿಷಯವಾಗಿರಲಿಲ್ಲ. ಇವರ ಮೂಗಿಗೆ ಹೆದರಿ ಇಷ್ಟು ದಿನ ನಿದ್ದೆಗೆಟ್ಟೆನಲ್ಲ ಎಂದುಕೊಂಡು ಒಬ್ರೆನ್ ಅಂಗಳಕ್ಕೆ ನಡೆದ, ಒಂದು ಕಾಲಿಗೆ ಹಳದಿ ಚೀಲ, ಇನ್ನೊಂದು ಬರಿಗಾಲು. ಹಿಮ ಚುಚ್ಚಿತು. ಬೇಲಿಯಾಚೆ ರಸ್ತೆ ಖಾಲಿಯಾಗಿತ್ತು. ಬಸ್ಸು ಹೋದ ಟಯರಿನ ಗುರುತು ಮಾತ್ರ ಇತ್ತು.

ಅಂಗಳದ ಮೂಲೆಯ ಹೊರಗಿನ ಅಡುಗೆಮನೆಯಿಂದ ಎಣ್ಣೆ ಚುಂಯ್ ಎಂದದ್ದು ಕೇಳಿಸಿತು.

ಮಿಲುಂಕಾ ಬಾಣಲೆಯಲ್ಲಿ ಮೀನು ತಿರುವಿ ಹಾಕುತ್ತಿದ್ದಳು. ಒಬ್ರೆನ್ ಬಾಗಿಲಲ್ಲಿ ನಿಂತ. ಪಕ್ಕದಲ್ಲೇ ಒಂದು ಸ್ಟೂಲಿತ್ತು, ಆದರೆ ಇವತ್ತು ಅವನು ಕೂರುವಂತಿರಲಿಲ್ಲ.

"ನನ್ನ ಬಾಯಿ ಮೂಸು" ಎಂದ.

"ಮೀನು ಸೀಯುತ್ತೆ. ಆಚೆ ಸರಿ."

"ಮೂಸು ಅಂದೆ. ನಾನು ಕುಡಿದಿಲ್ಲ. ಕೈ ಹೋಗಿತ್ತು, ಸುಳ್ಳು ಹೇಳಲ್ಲ. ಆದ್ರೆ ಕುಡಿದಿಲ್ಲ."

"ಕೈ ಹೋದದ್ದು ನೋಡಿದೆ. ಗ್ಲಾಸ್ ಸಿಗೋಕೆ ಮುಂಚೆ ಬಿದ್ದೆ. ಮೂಸೋದೇನಿದೆ ಅದರಲ್ಲಿ? ನಿನ್ನ ಗೊರಕೆ ಕೇಳಿದೆನಲ್ಲ, ಸಾಕು."

"ಗೊರಕೆ?"

ಅವಳು ಬಾಣಲೆ ಇಳಿಸಿದಳು. "ಕುಡಿದು ಬಿದ್ದಾಗ ನೀನು ಗೊರಕೆ ಹೊಡೀತಿರ್ಲಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಹಾಕಿಕೊಂಡ ಹಾಗೆ ಆಗೋದು. ಆಮೇಲೆ ಉಸಿರೇ ನಿಲ್ಲೋದು. ನಾನು ಪಕ್ಕದಲ್ಲಿ ಕೂತು ಇನ್ನೊಂದು ಉಸಿರು ಬರುತ್ತಾ ಅಂತ ಕಾಯ್ತಿದ್ದೆ. ಬರೋದು. ಮತ್ತೆ ನಿಲ್ಲೋದು. ಮೂವತ್ತು ವರ್ಷ ನನ್ನ ರಾತ್ರಿ ಹಂಗೇ ಹೋಯ್ತು. ಇವತ್ತು ನೀನು ಮನುಷ್ಯರ ಥರ ಮಲಗಿದ್ದೆ."

ಒಬ್ರೆನ್‌ಗೆ ಎರಡು ತಿಂಗಳಿಂದ ಅವಳ ನಿದ್ದೆಯನ್ನು ಎಷ್ಟು ಬೈದುಕೊಂಡಿದ್ದನೋ ಅಷ್ಟೂ ನೆನಪಿಗೆ ಬಂತು. ನೆನಪಿನಲ್ಲಿರುವ ಮೊದಲ ಪಾಪ ಅದು. ಉಳಿದವೆಲ್ಲ ಮರೆತುಹೋಗಿದ್ದವು.

"ಮತ್ತೆ ಈಗ?" ಎಂದ. "ಈಗ ದಿಂಬಿಗೆ ತಲೆ ಇಟ್ಟ ಕೂಡಲೇ ಮಲಗ್ತೀಯಲ್ಲ?"

"ನೀನು ಅಕ್ರೋಟು ಒಡೀತಿರ್ತೀಯಲ್ಲ. ಟಕ್ ಟಕ್ ಅಂತ ಕೇಳಿಸ್ತಿರುತ್ತೆ. ಬದುಕಿದಾನೆ, ಕುಡಿದಿಲ್ಲ ಅಂತ ಗೊತ್ತಾಗುತ್ತೆ. ಇನ್ನೇನು ಮಾಡ್ಲಿ, ಮಲಗ್ತೀನಿ."

"ಬ್ಯಾಗ್ ಎಲ್ಲಿ?"

"ಕಪಾಟಿನ ಮೇಲೆ. ಆ ದ್ರಾಗುತಿನ್ ಗಂಟಲು ಹರಕೊಳ್ತಿದ್ದ, ನೀನು ಎದ್ದುಬಿಡ್ತೀಯ ಅಂತ ಬಾ‍ಗಿಲು ಮುಚ್ಚೋಕೆ ಹೋದೆ. ಅದು ಅಡ್ಡ ಇತ್ತು. ಎತ್ತಿಟ್ಟೆ" ಎಂದು ಮಿಲುಂಕಾ ಮೀನಿನ ತಟ್ಟೆಯನ್ನು ಅವನ ಕೈಗೆ ಕೊಟ್ಟಳು. "ತಗೊಂಡು ಹೋಗು, ಜನ ಕಾಯ್ತಿದಾರೆ. ಕಾಲಿಗೆ ಏನಾದ್ರೂ ಹಾಕ್ಕೋ. ಹೀಗೇ ಓಡಾಡಿದ್ರೆ ನಿಜವಾಗಲೂ ಜ್ವರ ಬರುತ್ತೆ, ಆಮೇಲೆ ಚಿಕ್ಕಮ್ಮನ್ನ ತಡೆಯೋಕೆ ನನ್ನಿಂದ ಆಗಲ್ಲ."

ಅವನು ಶೂ ಹಾಕಿಕೊಂಡು, ಕತ್ತಲಾಗಿ ಕೊನೆಯ ಅತಿಥಿ ಎದ್ದು ಹೋಗುವವರೆಗೂ ನಿಂತೇ ಬಡಿಸಿದ. ಕೊನೆಯ ಅತಿಥಿ ದ್ರಾಗುತಿನ್. ಅವನನ್ನು ಎಬ್ಬಿಸಿಯೇ ಕಳಿಸಬೇಕಾಯಿತು, ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದ. ಕೆನ್ನೆಯ ಕೆಳಗೆ ಆ ಕಾಲುಚೀಲವನ್ನೇ ದಿಂಬು ಮಾಡಿಕೊಂಡಿದ್ದ.

ಆ ರಾತ್ರಿಯೂ ಒಬ್ರೆನ್‌ಗೆ ನಿದ್ದೆ ಬರಲಿಲ್ಲ. ಹಗಲು ಮಲಗಿದವನಿಗೆ ಎಲ್ಲಿಂದ ಬರಬೇಕು? ಡಾಕ್ಟರಮ್ಮ ಇದನ್ನೂ ಹೇಳಿದ್ದಳು, ಹಾಳಾದವಳು. ಎದ್ದು ಅಡುಗೆಮನೆಗೆ ಬಂದು ಸ್ಟೂಲ್ ಎಳೆದುಕೊಂಡ. ಕೂತ ಮೇಲೆ ಮತ್ತೆ ಎದ್ದು ಹೋಗಿ ಮಲಗುವ ಕೋಣೆಯ ಬಾಗಿಲನ್ನು ಒಂದು ಗೇಣು ತೆರೆದ. ಅದು ತಾನಾಗಿ ಮುಚ್ಚಿಕೊಳ್ಳತೊಡಗಿತು. ತನ್ನ ಶೂ ಒಂದನ್ನು ತಂದು ಅಡ್ಡ ಇಟ್ಟ. ಒಳಗೆ ಮಿಲುಂಕಾ ಮಗ್ಗುಲಾದದ್ದು ಕೇಳಿಸಿತು, ಇನ್ನೂ ಎಚ್ಚರವಾಗಿದ್ದಳು.

ಅವನು ಬಂದು ಕೂತು ಸುತ್ತಿಗೆ ಎತ್ತಿಕೊಂಡ. ಪ್ರಸಾದ ಮುಗಿದುಹೋಗಿತ್ತು, ಇನ್ನು ಈ ಮನೆಯಲ್ಲಿ ಯಾರಿಗೂ ಅಕ್ರೋಟು ಬೇಕಾಗಿರಲಿಲ್ಲ. ಒಂದನ್ನು ಹಲಗೆಯ ಮೇಲಿಟ್ಟು, ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ ಹೊಡೆದ.